ಹಿತ್ತಲ ಬಾಗಿಲು: ಗುಂಡಿಯ ವಾಸನೆ, ಮೀನಿನ ಕಸ ಮತ್ತು ಅತ್ತೆಯವರ ಮುಸುರೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಸದ್ದೇ. ಮಳೆ ಹಿಡಿದು ಕೂತಿತೆಂದರೆ ಹಿತ್ತಲು ನಾರಲು ಶುರುವಾಗುತ್ತದೆ, ಆಗ ನಿಮಗೆಲ್ಲ ಈ ಅಕ್ಕೋರ ನೆನಪಾಗುತ್ತದೆ! ದಾಸವಾಳ, ಕಾಳುಮೆಣಸಿನ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಅಕ್ಕೋರೆ, ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಹಿತ್ತಲಲ್ಲಿ ಗುಂಡಿ ತೆಗೆದು ಅಡುಗೆಮನೆ ಕಸ ಹಾಕುತ್ತೇವೆ. ಬೇಸಿಗೆಯಲ್ಲಿ ತೊಂದರೆ ಇಲ್ಲ. ಜೂನ್ ಬಂತೆಂದರೆ ಗುಂಡಿಯಲ್ಲಿ ನೀರು ನಿಂತು ಕೊಳೆತ ಮೊಟ್ಟೆಯ ವಾಸನೆ. ಸೊಳ್ಳೆ ಬೇರೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಏನು ಮಾಡಲಿ?
– ಗೃಹಿಣಿ, ಅಂಕೋಲಾ ತಾಲೂಕು

ಮೊದಲು ಆ ಗುಂಡಿ ಮುಚ್ಚಿ ತಂಗಿ. ಗುಂಡಿ ಬಯಲುಸೀಮೆಯವರಿಗೆ ಸರಿ, ಅಲ್ಲಿ ತೇವ ಉಳಿಸಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗುಂಡಿಗೆ ನೀರು ತುಂಬಿದರೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಬೇರೆಯವು, ಅವು ಬಿಡುವ ಅನಿಲದ ವಾಸನೆಯೇ ಆ ಕೊಳೆತ ಮೊಟ್ಟೆಯದು. ಕಸ ಕೆಟ್ಟದ್ದಲ್ಲ, ಅದಕ್ಕೆ ಉಸಿರು ಕಟ್ಟಿದೆ ಅಷ್ಟೇ.

ಮಳೆಗಾಲಕ್ಕೆ ನೆಲದ ಮೇಲೆ ರಾಶಿ ಮಾಡಿ. ಸ್ವಲ್ಪ ಎತ್ತರದ ಜಾಗ ನೋಡಿ, ಅಡಿಗೆ ತೆಂಗಿನ ಗರಿ ಅಡ್ಡಡ್ಡ ಹಾಸಿ. ಸುತ್ತ ಅಡಿಕೆ ದಬ್ಬೆ ಹೊಡೆದು ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಚೌಕ ಮಾಡಿಕೊಳ್ಳಿ. ಅದಕ್ಕಿಂತ ಸಣ್ಣದಾದರೆ ರಾಶಿ ಒಳಗೆ ಬಿಸಿ ನಿಲ್ಲುವುದಿಲ್ಲ. ಮೇಲೊಂದು ತಗಡು ಅಥವಾ ತಾಡಪಾಲು, ಆದರೆ ರಾಶಿಗೆ ತಾಗದಂತೆ ಒಂದಡಿ ಮೇಲಕ್ಕೆ.

ಇಷ್ಟು ಮಾಡಿದರೂ ಸಾಲದು. ನಿಜವಾದ ಗುಟ್ಟು ದರಕು. ಒಣಗಿದ ಎಲೆ, ಅಷ್ಟೇ. ಅಡುಗೆಮನೆ ಕಸದಲ್ಲಿ ನೀರು ಜಾಸ್ತಿ, ಸಾರಜನಕ ಜಾಸ್ತಿ. ದರಕಿನಲ್ಲಿ ಇಂಗಾಲ ಜಾಸ್ತಿ. ಗೊಬ್ಬರ ಮಾಡುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು. ಲೆಕ್ಕ ತಲೆಗೆ ಹತ್ತದಿದ್ದರೆ ಬಿಡಿ. ಒಂದು ಬುಟ್ಟಿ ಹಸಿ ಕಸ ಹಾಕಿದರೆ ಮೇಲೆ ಎರಡು ಬುಟ್ಟಿ ದರಕು, ಪ್ರತಿ ಸಲ, ತಪ್ಪದೆ. ಕಸದ ಬಣ್ಣ ಕಣ್ಣಿಗೆ ಕಾಣಬಾರದು. ಕಂಡರೆ ನೊಣ ಬರುತ್ತದೆ.

ಈಗ ಜುಲೈನಲ್ಲಿ ದರಕು ಎಲ್ಲಿಂದ ತರಲಿ ಎಂದು ನೀವು ಕೇಳುತ್ತೀರಿ, ಗೊತ್ತು. ಅದಕ್ಕೇ ನಾನು ಹೇಳುವುದು, ಮಳೆಗಾಲದ ಗೊಬ್ಬರ ಆಗುತ್ತೋ ಇಲ್ಲವೋ ಅನ್ನುವುದು ಮಾರ್ಚಿನಲ್ಲೇ ಗೊತ್ತಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಲಸು, ಮಾವು, ಗೇರು ಎಲ್ಲ ಎಲೆ ಉದುರಿಸುತ್ತವೆ. ನಮ್ಮವರು ಅದನ್ನು ಗುಡಿಸಿ ಗುಡ್ಡೆ ಮಾಡಿ ಸಂಜೆ ಬೆಂಕಿ ಹಚ್ಚುತ್ತಾರೆ. ಆಮೇಲೆ ಜೂನ್‌ನಲ್ಲಿ ಪೇಟೆಗೆ ಹೋಗಿ ದುಡ್ಡು ಕೊಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತರುತ್ತಾರೆ! ಶಿರಸಿ, ಸಿದ್ದಾಪುರದ ಘಟ್ಟದ ಮೇಲಿನವರನ್ನು ನೋಡಿ. ಸೊಪ್ಪಿನಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ದರಕು ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಅದನ್ನೇ ಗೊಬ್ಬರ ಮಾಡಿ ತೋಟಕ್ಕೆ ಹಾಕುವುದು ಅಲ್ಲಿ ತಲೆತಲಾಂತರದ ಕೆಲಸ. ನಮ್ಮ ಕೆಳಗಿನವರಿಗೆ ಬೆಟ್ಟ ಇಲ್ಲದಿದ್ದರೂ ಅಂಗಳದಲ್ಲಿ ಒಂದು ಹಲಸಿನ ಮರ ಇದ್ದೇ ಇರುತ್ತದೆ ಅಲ್ವಾ? ಹಿಂಡಿ ಚೀಲ, ಸಿಮೆಂಟು ಚೀಲ ಏನಿದ್ದರೂ ತುಂಬಿ ಮಾಡಿನ ಕೆಳಗೆ ಒಟ್ಟಿಡಿ. ಅಕೇಶಿಯಾ ಎಲೆ ಮಾತ್ರ ಬೇಗ ಕರಗುವುದಿಲ್ಲ. ಕೈಯಲ್ಲಿ ಹೊಸಕಿ ಪುಡಿ ಮಾಡಿ ಹಾಕಿ.

ಈ ವರ್ಷದ ಮಟ್ಟಿಗೆ ಅಡಿಕೆ ಸಿಪ್ಪೆ, ಕಟ್ಟಿಗೆ ಮಿಲ್ಲಿನ ಹೊಟ್ಟು, ತೆಂಗಿನ ನಾರಿನ ಪುಡಿ, ಹರಿದ ರಟ್ಟು, ಹಳೆ ಪೇಪರು, ಏನು ಒಣಗಿದ್ದು ಸಿಕ್ಕಿದರೂ ಸರಿ. ಮರದ ಹೊಟ್ಟು ತೆಳುವಾಗಿ ಹಾಕಿ, ಅದು ನಿಧಾನ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ತೇವ ಎಷ್ಟಿರಬೇಕು ಅಂದರೆ, ರಾಶಿಯ ಒಳಗಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ನಿಂತರೆ ಸರಿ. ಧಾರೆ ಇಳಿದರೆ ಇನ್ನೂ ಒಣ ಎಲೆ ಬೇಕು. ಹಿಡಿ ಬಿಚ್ಚಿದ ಕೂಡಲೇ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ.

ಪಕ್ಕದ ಮನೆಯವರಿಗೆ ಮೊದಲ ಗೊಬ್ಬರ ಒಂದು ಬುಟ್ಟಿ ಕೊಡಿ. ಮಲ್ಲಿಗೆ ಬುಡಕ್ಕೆ ಹಾಕಲಿ. ಮಾತಿಗೆ ಅಷ್ಟು ಸಾಕು.

ನಾವು ಕಾರವಾರದಲ್ಲಿ ಫ್ಲ್ಯಾಟಿನಲ್ಲಿ ಇದ್ದೇವೆ. ವಾರಕ್ಕೆ ಮೂರ್ನಾಲ್ಕು ದಿನ ಮೀನು. ಬಂಗಡೆ, ತಾರ್ಲೆಯ ತಲೆ, ಕರುಳು, ಸಿಗಡಿ ಸಿಪ್ಪೆ, ಚಿಪ್ಪಿನ ರಾಶಿ. ಕಸದ ಗಾಡಿ ಬರುವಷ್ಟರಲ್ಲಿ ಮನೆಯೆಲ್ಲ ನಾತ. ಕಾಂಪೋಸ್ಟ್‌ಗೆ ಮೀನು ಹಾಕಬಾರದು ಅಂತಾರೆ, ಹೌದಾ?
– ಮೀನುಪ್ರಿಯ, ಕಾರವಾರ

ಹಾಕಬಾರದು ಅನ್ನುವುದು ಮೀನು ತಿನ್ನದ ಊರಿನವರು ಬರೆದ ನಿಯಮ. ಭಾನುವಾರದ ಸಂತೆಯಿಂದ ಬಂದವರ ಚೀಲ ನೋಡಿದರೆ ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಮೀನಿನ ಕಸ ಒಳ್ಳೆಯ ಗೊಬ್ಬರ, ಸಾರಜನಕ ಸಿಕ್ಕಾಪಟ್ಟೆ. ಅದಕ್ಕೇ ನಾತವೂ ಸಿಕ್ಕಾಪಟ್ಟೆ. ಆದರೆ ಫ್ಲ್ಯಾಟಿನ ಬಾಲ್ಕನಿಯ ಡಬ್ಬಿಗೆ ಅದು ಬೇಡ. ಅಲ್ಲಿ ತರಕಾರಿ ಸಿಪ್ಪೆ, ಚಹಾ ಚರಟ, ಹಣ್ಣಿನ ಸಿಪ್ಪೆ ಮಾತ್ರ ಸಾಕು. ತೂತು ಮಾಡಿದ ಎರಡು ಡಬ್ಬಿ ಇಟ್ಟುಕೊಳ್ಳಿ. ಒಂದು ತುಂಬಿ ಗೊಬ್ಬರ ಆಗುವವರೆಗೆ ಇನ್ನೊಂದಕ್ಕೆ ಹಾಕಿ.

ಮೀನಿಗೆ ಎರಡು ದಾರಿ ಇದೆ. ಊರಲ್ಲಿ ಅಥವಾ ನೆಂಟರಲ್ಲಿ ತೆಂಗಿನ ಮರ ಇದ್ದರೆ, ಬುಡದಿಂದ ನಾಲ್ಕೈದು ಅಡಿ ದೂರದಲ್ಲಿ ಒಂದೂವರೆ ಅಡಿ ಆಳ ತೋಡಿ, ಮೀನಿನ ಕಸ ಹಾಕಿ, ಮೇಲೆ ದರಕು ಒತ್ತಾಗಿ ತುಂಬಿ ಮಣ್ಣು ಮುಚ್ಚಿ. ಮೇಲೊಂದು ಕಲ್ಲು, ಇಲ್ಲದಿದ್ದರೆ ನಾಯಿ ಕೆದಕುತ್ತದೆ. ಬೂದಿ, ಸುಣ್ಣ ಹಾಕುವವರಿದ್ದಾರೆ. ಬೇಡ. ಅವು ಸಾರಜನಕವನ್ನು ಅಮೋನಿಯಾ ಮಾಡಿ ಗಾಳಿಗೆ ಬಿಡುತ್ತವೆ, ಗೊಬ್ಬರವೂ ಹೋಯಿತು, ಮೂಗೂ ಹೋಯಿತು. ಕಡಲ ಹತ್ತಿರದ ಉಸುಕು ನೆಲದಲ್ಲಿ ನೀರು ಮೇಲೇ ಇರುತ್ತದೆ, ಬಾವಿಯಿಂದ ದೂರ ಇರಲಿ.

ಇನ್ನೊಂದು ದಾರಿ ಮೀನಿನ ಟಾನಿಕ್. ಮೀನಿನ ಕಸ ಎಷ್ಟು ತೂಕವೋ ಅಷ್ಟೇ ಬೆಲ್ಲ. ಸಣ್ಣಗೆ ಹೆಚ್ಚಿ, ಬೆಲ್ಲ ಕಲಸಿ, ಅಗಲ ಬಾಯಿಯ ಪ್ಲಾಸ್ಟಿಕ್ ಬರಣಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ. ಮುಚ್ಚಳ ಪೂರ್ತಿ ಬಿಗಿಯಬೇಡಿ, ಒಳಗೆ ಗಾಳಿ ಹುಟ್ಟುತ್ತದೆ. ನೆರಳಲ್ಲಿಡಿ. ಮೊದಲ ದಿನಗಳಲ್ಲಿ ನಾತ ಇರುತ್ತದೆ, ಆಮೇಲೆ ಹುಳಿಸಿಹಿ ವಾಸನೆಗೆ ತಿರುಗುತ್ತದೆ. ಮೂರು ನಾಲ್ಕು ವಾರಕ್ಕೆ ಕಂದು ಬಣ್ಣದ ಪಾಕ ಮೇಲೆ ನಿಲ್ಲುತ್ತದೆ, ಅದನ್ನು ಸೋಸಿಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ, ಅಂದರೆ ಐದು ಮಿಲಿಲೀಟರ್, ಬೆರೆಸಿ ಗಿಡಕ್ಕೆ ಸಿಂಪಡಿಸಿ. ಬೆಂಡೆ, ಬದನೆ ಕುಣಿಯುತ್ತವೆ. ಜಾಸ್ತಿ ಹಾಕಿದರೆ ಎಲೆ ಸುಡುತ್ತದೆ. ಹಾಂ, ಪಾಕದಂಥ ಒಳ್ಳೆ ಜೋನಿ ಬೆಲ್ಲ ಇದಕ್ಕೆ ಸುರಿಯಬೇಡಿ, ಅದು ದೋಸೆಗೆ. ಹುಳಿ ಬಂದದ್ದೋ, ಕರಗಿ ಹೋದ ಉಂಡೆ ಬೆಲ್ಲವೋ ಸಾಕು.

ಗಾಡಿಗೇ ಕೊಡುವುದಾದರೆ, ಗಾಡಿ ಬರುವ ದಿನದವರೆಗೆ ಮೀನಿನ ಕಸವನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ಮನೆಯವರು ಮೂಗು ಮುರಿದರೆ ಮುರಿಯಲಿ, ಒಳಗಿದ್ದ ಮೀನು ಅದೇ ತಾನೇ! ಆದರೆ ಕವರಿನಲ್ಲಿ ಗಂಟು ಕಟ್ಟಿ ಕೊಡಬೇಡಿ. ಆ ಗಂಟು ಬಿಚ್ಚುವುದು ಇನ್ನೊಬ್ಬರ ಕೈ.

ಸಿಗಡಿ ಸಿಪ್ಪೆ ಒಣಗಿಸಿ ಪುಡಿ ಮಾಡಿ ಕುಂಡಕ್ಕೆ ಹಾಕಬಹುದು. ಬೆಳಚು, ನೀಲಿಕಲ್ಲು ಎಂಬ ಚಿಪ್ಪುಮೀನುಗಳ ಚಿಪ್ಪು ಗೊಬ್ಬರವಾಗಲು ವರ್ಷಗಳು ಬೇಕು. ಅದು ಸುಣ್ಣದ ಕಲ್ಲೇ. ಕುಂಡದ ತಳಕ್ಕೆ ನೀರು ಬಸಿಯಲು ಹಾಕಿ, ಇಲ್ಲ ಅಂಗಳದ ಕೆಸರಿಗೆ ಸುರಿದು ತುಳಿಯಿರಿ.

ಅಕ್ಕೋರೆ, ಗೊಬ್ಬರದ ರಾಶಿಯಲ್ಲಿ ಬಿಳಿ ಹುಳ ತುಂಬಿವೆ. ಔಷಧಿ ಹೊಡೆಯಲೇ?
– ಹೊನ್ನಾವರ

ತಡೆಯಿರಿ, ಯಾವ ಹುಳ ಎಂದು ಮೊದಲು ನೋಡಿ. ಒಂದು ಚಿಪ್ಪಿನಲ್ಲಿ ತೆಗೆದು ಬೆಳಕಿಗೆ ಹಿಡಿಯಿರಿ.

ನೇರವಾಗಿ, ಸ್ವಲ್ಪ ಚಪ್ಪಟೆಯಾಗಿ, ಮೈಮೇಲೆ ಗೆರೆ ಗೆರೆ, ಬೂದು ಕಂದು ಬಣ್ಣ, ಕಾಲಿಲ್ಲ, ನೂರಾರು ಒಟ್ಟಿಗೆ ಬಳುಕುತ್ತಾ ಇದ್ದರೆ ಅದು ಕಪ್ಪು ನೊಣವೊಂದರ ಮರಿ. ಬ್ಲ್ಯಾಕ್ ಸೋಲ್ಜರ್ ಅನ್ನುತ್ತಾರೆ. ಮನೆಯ ನೊಣದ ಹಾಗೆ ಅದು ಊಟದ ಮೇಲೆ ಬಂದು ಕೂರುವುದಿಲ್ಲ. ಅದರ ಮರಿ ಕಸ ತಿಂದು ಬೇಗ ಮುಗಿಸುತ್ತದೆ. ಅದು ಬಂದಿದೆ ಅಂದರೆ ರಾಶಿ ಹಸಿ ಜಾಸ್ತಿ ಇದೆ ಅಂತ. ಒಣ ಎಲೆ ಹಾಕಿ, ಕೋಳಿ ಇದ್ದರೆ ಬಿಡಿ. ಔಷಧಿ ಬೇಡ.

ಹೆಬ್ಬೆರಳು ದಪ್ಪ, ಬೆಳ್ಳಗೆ, ಕೊಕ್ಕೆಯ ಹಾಗೆ ಬಾಗಿ ಮಲಗಿದೆ, ತಲೆ ಕಂದು, ಎದೆಯ ಹತ್ತಿರ ಆರು ಕಾಲು ಇದ್ದರೆ ಎಚ್ಚರ. ಅದು ಕುರುವಾಯಿ ದುಂಬಿಯ ಮರಿ ಇರಬಹುದು. ನಿಮ್ಮ ತೆಂಗಿನ ಮರದ ಹೊಸ ಗರಿಗಳು ಕತ್ತರಿಯಿಂದ ಕತ್ತರಿಸಿದ ಹಾಗೆ ಕೋನವಾಗಿ ಕಂಡರೆ, ಆ ದುಂಬಿ ಈಗಾಗಲೇ ಸುಳಿಯಲ್ಲಿ ಕೂತಿದೆ ಎಂದೇ ಅರ್ಥ. ಅದು ಹಳೆ ಗೊಬ್ಬರದ ರಾಶಿಯಲ್ಲಿ, ಕೊಳೆತ ತೆಂಗಿನ ಕಾಂಡದಲ್ಲಿ ಮೊಟ್ಟೆ ಇಡುತ್ತದೆ. ಮರಿಗಳನ್ನು ಹೆಕ್ಕಿ ಕೋಳಿಗೆ ಹಾಕಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ರಾಶಿಯೇ ಅದರ ತವರು. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಮಗುಚಿ, ಆದ ಗೊಬ್ಬರ ಆಗಾಗ ಖಾಲಿ ಮಾಡಿ. ಮೆಟಾರೈಜಿಯಂ ಎಂಬ ಹಸಿರು ಬೂಷ್ಟು ಪುಡಿ ಬರುತ್ತದೆ, ರಾಶಿಗೆ ಬೆರೆಸಿದರೆ ಮರಿಗಳಿಗೆ ರೋಗ ಹತ್ತಿ ಸಾಯುತ್ತವೆ. ತೋಟಗಾರಿಕೆ ಇಲಾಖೆಯವರನ್ನು ಕೇಳಿ. ತೆಂಗಿನ ತೋಟದ ಮಧ್ಯೆ ಗೊಬ್ಬರ ಮಾಡುವವರಿಗೆ ಇದು ಸುಮ್ನೆ ಬಿಡುವ ವಿಷಯ ಅಲ್ಲ.

ನಾನು ಮದುವೆಯಾಗಿ ಶಿರಸಿಗೆ ಬಂದು ಆರು ತಿಂಗಳು. ಹಸಿ ಕಸಕ್ಕೆ ಒಂದು ಬಕೆಟ್ ಇಟ್ಟೆ. ಅತ್ತೆಯವರು ಅನ್ನ, ಎಂಜಲು, ದೇವರ ಹೂವು ಎಲ್ಲ ಒಟ್ಟಿಗೆ ಹಾಕಿದರೆ ಮುಸುರೆ (ಮೈಲಿಗೆ) ಆಗುತ್ತದೆ ಎಂದು ಗಲಾಟೆ. ಅವರಿಗೆ ಹೇಗೆ ತಿಳಿಸಿ ಹೇಳಲಿ?
– ಹೊಸ ಸೊಸೆ, ಶಿರಸಿ

ತಿಳಿಸಬೇಡಿ ತಂಗಿ, ಕೇಳಿ. ನಿಮ್ಮ ಅತ್ತೆಯವರಿಗೆ ಕಸ ಬೇರೆ ಮಾಡುವುದು ಸರಕಾರ ನಿಯಮ ಮಾಡುವ ಮೊದಲೇ ಗೊತ್ತು. ಅಕ್ಕಚ್ಚು (ಅಕ್ಕಿ ತೊಳೆದ ನೀರು) ದನಕ್ಕೆ. ಎಂಜಲು ನಾಯಿಗೆ. ನಿರ್ಮಾಲ್ಯ ತುಳಿಯದ ಜಾಗಕ್ಕೆ. ಬಾಳೆಕಾಯಿ ಸಿಪ್ಪೆ ಕೊಟ್ಟಿಗೆಗೆ. ಅವರ ಲೆಕ್ಕದಲ್ಲಿ ನಾಲ್ಕು ವಿಭಾಗ ಮೊದಲೇ ಇದೆ. ನೀವು ಅದನ್ನು ಒಂದೇ ಬಕೆಟ್ಟಿಗೆ ತಂದಿರಿ, ಗಲಾಟೆ ಆಗದೆ ಏನಾದೀತು?

ದೇವರ ಹೂವಿಗೆ ಬೇರೆ ಕುಂಡ ಇಡಿ, ಪಾರಿಜಾತದ ಬುಡದಲ್ಲಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹೊಳೆಗೆ ಎಸೆಯುವುದಕ್ಕಿಂತ ದೇವರಿಗೂ ಅದೇ ಇಷ್ಟ. ಜರಿ, ದಾರ, ಥರ್ಮಾಕೋಲಿನ ಮಾಲೆ ತೆಗೆದು ಹಾಕಿ. ಬೇಯಿಸಿದ ಪದಾರ್ಥ, ಎಂಜಲಿಗೆ ಅವರು ಹೇಳಿದ ಕಡೆಯೇ ಡಬ್ಬಿ. ಮನೆಯಲ್ಲಿ ಗೋಬರ್ ಗ್ಯಾಸ್ ಇದ್ದರೆ ಉಳಿದ ಅನ್ನ, ಸಾರು ಸ್ವಲ್ಪ ಸ್ವಲ್ಪ ಅದಕ್ಕೇ ಹೋಗಲಿ. ಒಮ್ಮೆಲೇ ಬಕೆಟ್ ಸುರಿದರೆ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ನಿಂಬೆ, ಕಂಚಿಕಾಯಿ ಸಿಪ್ಪೆ ಅದಕ್ಕೆ ಬೇಡ.

ಇನ್ನು ನಿಮ್ಮ ಬಕೆಟ್ಟಿಗೆ ಉಳಿಯುವುದು ಬರೀ ತರಕಾರಿ ಸಿಪ್ಪೆ. ಅದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ.

ಹಾಲಿನ ಕವರು, ಬಿಸ್ಕತ್ತಿನ ಕವರು ಬಚ್ಚಲ ಒಲೆಗೆ ಹಾಕುವುದು ತಪ್ಪಾ? ಬೆಂಕಿ ಬೇಗ ಹತ್ತುತ್ತದೆ.
– ಕುಮಟಾ

ತಪ್ಪು. ನಮ್ಮೂರವರ ದೊಡ್ಡ ಚಟ ಇದು. ಇದೊಂದು ಬಿಟ್ಟರೆ ಗೊಬ್ಬರ ಮಾಡದಿದ್ದರೂ ನಾನು ಕ್ಷಮಿಸುತ್ತೇನೆ.

ಹಂಡೆ ಒಲೆಯ ಬೆಂಕಿ ಹೊಗೆಯಾಡುವ ಬೆಂಕಿ. ಪ್ಲಾಸ್ಟಿಕ್ ಅದರಲ್ಲಿ ಪೂರ್ತಿ ಉರಿಯುವುದಿಲ್ಲ, ಕರಗಿ ಹೊಗೆಯಾಗುತ್ತದೆ. ಪಿವಿಸಿ ಎಂಬ ಕ್ಲೋರಿನ್ ಇರುವ ಪ್ಲಾಸ್ಟಿಕ್ ಇದ್ದರೆ ಡಯಾಕ್ಸಿನ್ ಹುಟ್ಟುತ್ತದೆ, ಅದು ಕ್ಯಾನ್ಸರ್ ತರುವ ವಿಷ. ಯಾವುದು ಪಿವಿಸಿ, ಯಾವುದು ಅಲ್ಲ ಎಂದು ಒಲೆ ಮುಂದೆ ಕೂತು ಯಾರು ನೋಡುತ್ತಾರೆ? ಆ ಹೊಗೆ ಮೊದಲು ಹೋಗುವುದು ಒಲೆ ಊದುವವರ ಮೂಗಿಗೆ, ಅಂದರೆ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಮೂಗಿಗೆ. ಆಮೇಲೆ ಅದೇ ಬೂದಿ ಬಸಳೆ ಬುಡಕ್ಕೆ! ಬಯಲಲ್ಲಿ ಕಸ ಸುಟ್ಟರೂ ಬಿಡುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ 5,000 ರೂಪಾಯಿ ದಂಡ ಎಂದು ಆದೇಶ ಮಾಡಿದೆ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000.

ಹಾಲಿನ ಕವರಿನ ತುದಿ ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಅರ್ಧ ಕತ್ತರಿಸಿ ಅಲ್ಲೇ ನೇತಾಡಲಿ. ಆ ಚೂರೇ ಗಟಾರಕ್ಕೆ, ಅಲ್ಲಿಂದ ಹೊಳೆಗೆ, ಅಲ್ಲಿಂದ ಕಡಲಿಗೆ ಹೋಗುವುದು. ತೊಳೆದು ಬಟ್ಟೆ ತಂತಿಗೆ ಸಿಕ್ಕಿಸಿ. ಒಣಗಿದ ಹಾಲಿನ ಕವರನ್ನು ಗುಜರಿಯವರು ಬೇರೆಯಾಗಿ ತೂಗಿ ಕೊಳ್ಳುವುದುಂಟು. ಚಿಪ್ಸ್, ಬಿಸ್ಕತ್ತಿನ ಥಳಥಳ ಕವರು ಅವರಿಗೆ ಬೇಡ. ಅದು ಹಲವು ಪದರ ಅಂಟಿಸಿದ್ದು, ಬಿಡಿಸಲಿಕ್ಕೆ ಬರುವುದಿಲ್ಲ. ಅದನ್ನು ಒಣ ಕಸದ ಗಾಡಿಗೇ ಕೊಡಿ. ಅಂಥದ್ದನ್ನು ಸಿಮೆಂಟು ಕಾರ್ಖಾನೆಯ ಗೂಡಿನಲ್ಲಿ ಉರಿಸುತ್ತಾರೆ. ಅಲ್ಲಿ ಸಾವಿರ ಡಿಗ್ರಿಗೂ ಮೇಲಿನ ಬೆಂಕಿ, ನಿಮ್ಮ ಬಚ್ಚಲ ಒಲೆ ಅಲ್ಲ.

ಮಳೆ ತಾಗದಂತೆ ಅಡಿಕೆ ಕೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ (ಹೊದಿಕೆ) ಏನು ಮಾಡುವುದು? ತೋಟದ ತುಂಬ ಚಿಂದಿ.
– ಕೃಷಿಕ, ಸಿದ್ದಾಪುರ

ಕೊನೆ ಇಳಿಸುವ ದಿನವೇ ಲೆಕ್ಕ ಮಾಡಿ ಹೆಕ್ಕಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ಮೊದಲೇ ಹೇಳಿಡಿ, ಕೊಟ್ಟೆ ಮೇಲಿನಿಂದ ಎಸೆಯಬೇಡಿ, ಚೀಲಕ್ಕೆ ತುಂಬಿ ಇಳಿಸಿ ಎಂದು. ಚೆನ್ನಾಗಿದ್ದದ್ದು ಒಣಗಿಸಿ ಇನ್ನೊಂದು ಮಳೆಗಾಲಕ್ಕೆ. ಹರಿದದ್ದು ಕೊಡವಿ, ಕಟ್ಟು ಕಟ್ಟಿ ಪಂಚಾಯಿತಿಯ ಒಣ ಕಸಕ್ಕೆ. ಬಿಸಿಲು ತಿಂದು ಪುಡಿಯಾಗುವವರೆಗೆ ಬಿಟ್ಟರೆ ಆಮೇಲೆ ದರಕಿನ ಜತೆ ಸೇರಿ ನಿಮ್ಮದೇ ಗೊಬ್ಬರಕ್ಕೆ ಬರುತ್ತದೆ.

ಕಳೆನಾಶಕ, ಕೀಟನಾಶಕದ ಖಾಲಿ ಕ್ಯಾನಿಗೆ ನೀರು ಹಾಕಿ ಮೂರು ಸಲ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಿರಿ. ಆಮೇಲೆ ಕ್ಯಾನಿಗೆ ತೂತು ಹೊಡೆಯಿರಿ. ಯಾಕೆ ಅಂದರೆ ಅದರಲ್ಲಿ ಎಣ್ಣೆ ತುಂಬಿಡುವವರೂ ಇದ್ದಾರೆ.

ಅಡಿಕೆ ಹಾಳೆ ತಟ್ಟೆ ಗೊಬ್ಬರ ಆಗುತ್ತಾ?
– ಯಲ್ಲಾಪುರ

ಆಗುತ್ತದೆ. ನೆನೆಸಿ, ಹರಿದು ಹಾಕಿ. ಬೆಳ್ಳಿ ಬಣ್ಣದ ಪೇಪರ್ ತಟ್ಟೆ ಆಗುವುದಿಲ್ಲ, ಅದರ ಮೈಗೆ ಪ್ಲಾಸ್ಟಿಕ್ ಪದರ ಇದೆ.

ಅವಧಿ ಮುಗಿದ ಮಾತ್ರೆ, ಅಪ್ಪನ ಇನ್ಸುಲಿನ್ ಸೂಜಿ, ಮಗುವಿನ ಡೈಪರ್ ಯಾವುದಕ್ಕೆ ಹಾಕಲಿ?
– ಕಾರವಾರ

ಮೂರೂ ಬೇರೆ ಬೇರೆ. ಸೂಜಿಗೆ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಇಡಿ, ಶಾಂಪೂವಿನದ್ದಾದರೂ ಸರಿ. ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಸೂಜಿ’ ಎಂದು ಕನ್ನಡದಲ್ಲೇ ಬರೆಯಿರಿ. ಕಸ ಆರಿಸುವವರ ಕೈಗೆ ಚುಚ್ಚುವುದು ಬರೆಯದ ಸೂಜಿಯೇ. ಮಾತ್ರೆ ಕಮೋಡಿಗೂ ಬೇಡ, ಬಾವಿಕಟ್ಟೆಯ ಪಕ್ಕವೂ ಬೇಡ. 2016ರ ಘನತ್ಯಾಜ್ಯ ನಿಯಮದಲ್ಲಿ ಮಾತ್ರೆ, ಸೂಜಿ, ಟ್ಯೂಬ್‌ಲೈಟು, ಸೆಲ್ಲು, ಒಡೆದ ಥರ್ಮಾಮೀಟರು ಎಲ್ಲ ಮನೆಯ ಅಪಾಯದ ಕಸ ಎಂದೇ ಇತ್ತು. ಒಂದು ಡಬ್ಬಿಯಲ್ಲಿ ಕೂಡಿಟ್ಟು ಗಾಡಿಯವರಿಗೆ ಹೇಳಿ ಕೊಡಿ. ಟ್ಯೂಬ್‌ಲೈಟು ಒಡೆಯಬಾರದು, ಒಳಗೆ ಪಾದರಸ ಇರುತ್ತದೆ. ಡೈಪರ್, ಪ್ಯಾಡು ಹಳೆ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಪೆನ್ನಿನಿಂದ ಗುರುತು ಹಾಕಿ ಬೇರೆಯಾಗಿ ಕೊಡಿ.

ನಮ್ಮ ಊರಿಗೆ ಕಸದ ಗಾಡಿಯೇ ಬರುವುದಿಲ್ಲ. ಜನ ಘಟ್ಟದ ತಿರುವಿನಲ್ಲಿ ಚೀಲ ಎಸೆದು ಹೋಗುತ್ತಾರೆ. ಮಂಗಗಳು ಕವರು ನೆಕ್ಕುತ್ತಾ ಕೂತಿರುತ್ತವೆ. ನಾವೇನು ಮಾಡಬಹುದು?
– ದೇವಿಮನೆ ಘಟ್ಟದ ಕೆಳಗಿನವರು

ಹಸಿ ಕಸ ಮನೆಯಲ್ಲೇ ಮುಗಿಸಿದರೆ ಗಾಡಿಗೆ ಅವಸರ ಇಲ್ಲ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ನಾರುವುದಿಲ್ಲ, ಚೀಲದಲ್ಲಿ ತಿಂಗಳುಗಟ್ಟಲೆ ಇಡಬಹುದು. ಘಟ್ಟದಲ್ಲಿ ಬೀಳುವ ಚೀಲ ನೋಡಿ, ಪ್ಲಾಸ್ಟಿಕ್ಕಿನ ಜತೆ ಅನ್ನ, ಕೋಳಿ ಮೂಳೆ ಇರುತ್ತದೆ. ಮನೆಯಲ್ಲಿ ಇಡಲಾಗದೆ ಎಸೆಯುವುದು ಆ ನಾತಕ್ಕೆ. ಮಂಗ ಬರುವುದೂ ಅದಕ್ಕೇ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಒಣ ಕಸಕ್ಕೆ ಸ್ವಚ್ಛ ಸಂಕೀರ್ಣ ಎಂಬ ಘಟಕ ಇದೆ. ಗಾಡಿಗೆ ಸ್ವಚ್ಛ ವಾಹಿನಿ ಎಂದು ಹೆಸರು. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಂಗಸರೇ ನಡೆಸುತ್ತಾರೆ, ಗಾಡಿ ಬಿಡುವವರೂ ಅವರೇ. ನಿಮ್ಮ ಪಂಚಾಯಿತಿಯಲ್ಲಿ ಘಟಕ ಇದೆಯೇ, ನಿಮ್ಮ ಕೇರಿ ಅದರ ದಾರಿಯಲ್ಲಿ ಇದೆಯೇ, ಎರಡನ್ನೂ ಗ್ರಾಮಸಭೆಯಲ್ಲಿ ಕೇಳಿ. ವಾರಕ್ಕೊಮ್ಮೆ ಬೇಕು ಎಂದು ಹಟ ಮಾಡಬೇಡಿ. ತಿಂಗಳಿಗೊಮ್ಮೆ ಬಂದರೂ ಸಾಕು, ಆದರೆ ಯಾವ ದಿನ, ಯಾವ ಕಟ್ಟೆಯ ಹತ್ತಿರ ಎನ್ನುವುದು ಬೋರ್ಡಿನಲ್ಲಿ ಬರೆದಿರಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ನೋಡುವಾ’ ಅನ್ನುತ್ತಾರೆ, ಅದು ನಿಮಗೂ ಗೊತ್ತು. ಅರ್ಜಿ ಬರೆದು ಹತ್ತು ಮನೆಯವರ ಸಹಿ ಹಾಕಿಸಿ. ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಮುಟ್ಟಿದೆ ಎಂದು ಸೀಲು, ತಾರೀಕು ಹಾಕಿಸಿಕೊಂಡೇ ಅಲ್ಲಿಂದ ಏಳಿ.